ಮೂಲೆಯ ಪೀಪಾಯಿ

ಒಂದು ತಣ್ಣನೆಯ ಬೆಟ್ಟ. ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ತೋಟದ ನಡುವೆ ಕಲ್ಲಿನ ಕಟ್ಟಡ, ಅದರ ತುಂಬ ವೈನಿನ ಪೀಪಾಯಿಗಳು. ಆ ಪೀಪಾಯಿಗಳ ಮಧ್ಯೆ ಇನಾಸಪ್ಪ ಎಂಬ ಗುರು.

ಕಥೆಗಳಲ್ಲಿ ಬರುವ ಗುರುಗಳಿಗೆ ಉದ್ದನೆಯ ಗಡ್ಡವೂ ಮುಗುಳ್ನಗೆಯೂ ಇರುತ್ತವೆ. ಇನಾಸಪ್ಪನವರಿಗೆ ಇದ್ದದ್ದು ಒಂದು ಮಂಕಿ ಟೋಪಿ ಮತ್ತು ಬೇಕಾದಷ್ಟು ಸಿಟ್ಟು. ಹುಡುಗರಾಗಿದ್ದಾಗ ಚರ್ಚಿನ ಫಾದರ್ ಒಬ್ಬರ ಕೈಕೆಳಗೆ ಪೂಜೆಯ ವೈನು ಮಾಡಲು ಕಲಿತವರು. ಆಮೇಲೆ ಬೇರೆ ಕೆಲಸವನ್ನೇ ಮಾಡಿದವರಲ್ಲ.

ಶಿಷ್ಯನ ಹೆಸರು ಚನ್ನವೀರ, ವಿಜಯಪುರದ ಕಡೆಯವನು. ಅಪ್ಪ ದ್ರಾಕ್ಷಿ ಬೆಳೆದು, ಒಣಗಿಸಿ ಮಾರುವವರು. ಮಗ ಪುಣೆಯಲ್ಲಿ ವೈನಿನ ಕೋರ್ಸು ಮುಗಿಸಿ, ದಪ್ಪ ದಪ್ಪ ಪುಸ್ತಕಗಳನ್ನು ಬಾಯಿಪಾಠ ಮಾಡಿಕೊಂಡು, ರುಚಿ ನೋಡುವ ವಿದ್ಯೆ ಕಲಿಯಲು ಬೆಟ್ಟ ಹತ್ತಿದ್ದ. ಮನೆಯವರಿಗೆ ಮಾತ್ರ ಜ್ಯೂಸಿನ ಫ್ಯಾಕ್ಟರಿ ಎಂದು ಹೇಳಿದ್ದ.

ಬಂದ ಮಾರನೆಯ ಬೆಳಿಗ್ಗೆ ಗುರುಗಳು ಅವನ ಕೈಗೆ ಬಿಳಿ ವೈನಿನ ಗ್ಲಾಸು ಕೊಟ್ಟರು.

“ಏನೈತೆ ಇದ್ರಲ್ಲಿ?”

ಚನ್ನವೀರ ಗ್ಲಾಸನ್ನು ತಿರುಗಿಸಿದ. ಮೂಗನ್ನು ಒಳಗಿಟ್ಟ. ಒಂದು ಗುಟುಕು ತೆಗೆದುಕೊಂಡು ಬಾಯಲ್ಲೆಲ್ಲ ಸುತ್ತಿಸಿ ಬಕೆಟ್ಟಿಗೆ ಉಗಿದ. ಎಲ್ಲ ಶಾಸ್ತ್ರೋಕ್ತವಾಗಿಯೇ ಆಯಿತು.

“ಗೂಸ್‌ಬೆರಿ ಐತ್ರಿ. ಎಲ್ಡರ್ ಹೂವು ಐತ್ರಿ. ಹಿಂದ ಸ್ವಲ್ಪ ಚಕಮಕಿ ಕಲ್ಲಿನ ವಾಸನಿ ಐತ್ರಿ.”

“ಗೂಸ್‌ಬೆರಿ ತಿಂದಿದೀಯ?”

“ಇಲ್ರಿ.”

“ಎಲ್ಡರ್ ಹೂವು ನೋಡಿದೀಯ?”

“ಚಿತ್ರದಾಗ ನೋಡೀನ್ರಿ.”

“ಚಕಮಕಿ ಕಲ್ಲು ಮೂಸಿದೀಯ?”

ಚನ್ನವೀರ ಮತ್ತೊಮ್ಮೆ ಗ್ಲಾಸಿನೊಳಗೆ ಮೂಗಿಟ್ಟ.

“ಹೋಗು, ಪೀಪಾಯಿ ತೊಳೆ,” ಎಂದರು ಇನಾಸಪ್ಪ.

ಪೀಪಾಯಿ ತೊಳೆಯುವುದೆಂದರೆ ಸುಲಭವಲ್ಲ. ಬಿಸಿನೀರು ಸುರಿದು, ಆ ಮರದ ಹೊಟ್ಟೆಯನ್ನು ಅತ್ತಿತ್ತ ಉರುಳಿಸಿ, ನೀರು ಚೆಲ್ಲಿ, ಮತ್ತೆ ಸುರಿದು ಉರುಳಿಸಬೇಕು. ಬೆಟ್ಟದ ಚಳಿಯಲ್ಲಿ ಕೈ ಕೆಂಪಗಾಗುತ್ತದೆ. ಚನ್ನವೀರ ಉರುಳಿಸುತ್ತ ಉರುಳಿಸುತ್ತ ಯೋಚಿಸಿದ. ಕೊನೆಗೆ ಅವನಿಗೊಂದು ಹೊಳೆಯಿತು: ಮುದುಕರಿಗೆ ಪರದೇಶದ ಹಣ್ಣು ಹಿಡಿಸುವುದಿಲ್ಲ. ಅಷ್ಟೇ ತಾನೆ!

ಮರುದಿನ ಅದೇ ಬಿಳಿ ವೈನು, ಅದೇ ಪ್ರಶ್ನೆ.

“ಮಾವಿನಕಾಯಿ ಐತ್ರಿ. ಪೇರಲ ಹಣ್ಣು ಐತ್ರಿ. ಹಸಿ ಕೊತ್ತಂಬರಿ ಐತ್ರಿ,” ಎಂದ ಚನ್ನವೀರ. ಹೇಳಿ, ಶಭಾಷ್‌ಗಿರಿಗೆ ಕಾದ.

“ಇದನ್ನ ಎಲ್ಲಿಂದ ಕಾಪಿ ಹೊಡ್ದೆ?”

“ಕಾಪಿ ಅಲ್ರಿ ಸರ. ಎಲ್ಲಾ ನಮ್ಮ ಊರಾಗಿನ ಹಣ್ಣ ಕಾಯಿನ ಹೇಳೀನ್ರಿ.”

“ನಿನ್ನೆ ಪುಸ್ತಕ ನೋಡಿ ಹೇಳ್ದೆ. ಇವತ್ತು ನನ್ ಮುಖ ನೋಡಿ ಹೇಳ್ದೆ. ವೈನು ನೋಡಿ ಯಾವಾಗಯ್ಯಾ ಹೇಳೋದು?”

ಚನ್ನವೀರ ಮತ್ತೆ ಪೀಪಾಯಿ ತೊಳೆದ.

ಅವನಿಗೆ ತಲೆ ಕೆಟ್ಟುಹೋಗಿತ್ತು. ಪರದೇಶದ ಹಣ್ಣು ಹೇಳಿದರೆ ತಪ್ಪು, ಸ್ವದೇಶದ ಹಣ್ಣು ಹೇಳಿದರೂ ತಪ್ಪು. ಇನ್ನು ಚಂದ್ರಲೋಕದ ಹಣ್ಣೊಂದು ಬಾಕಿ.

ಮುಂದಿನ ದಿನ ಇನಾಸಪ್ಪ ಮೇಜಿನ ಮೇಲೆ ನಸುಗೆಂಪು ವೈನಿನ ಮೂರು ಗ್ಲಾಸು ಜೋಡಿಸಿಟ್ಟರು.

“ಮೂರಕ್ಕೂ ಏನ್ ವ್ಯತ್ಯಾಸ, ಹೇಳು.”

ಚನ್ನವೀರ ಬಹಳ ಹೊತ್ತು ತೆಗೆದುಕೊಂಡ. ಮೊದಲನೆಯದು ಹಗುರ, ಗುಲಾಬಿಯ ವಾಸನೆ ಇದೆ ಎಂದ. ಎರಡನೆಯದರಲ್ಲಿ ಹುಳಿ ಮುಂದು, ದಾಳಿಂಬೆ ಹಿಂದು ಎಂದ. ಮೂರನೆಯದು ಮಾತ್ರ ಗಂಭೀರವಾದ ವೈನು, ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ, ಇದಕ್ಕೆ ವರ್ಷಗಟ್ಟಲೆ ಇಟ್ಟಷ್ಟೂ ಮಾಗುವ ಶಕ್ತಿ ಇದೆ ಎಂದ.

“ಮೂರೂ ಒಂದೇ ಬಾಟ್ಲಿದು,” ಎಂದರು ಇನಾಸಪ್ಪ.

ಚನ್ನವೀರನ ಮುಖ ವೈನಿನ ಬಣ್ಣಕ್ಕೇ ಬಂತು.

“ನೀವು ವ್ಯತ್ಯಾಸ ಹೇಳು ಅಂದ್ರಿ. ಅದಕ್ಕ ಹೇಳಿದ್ನಿ.”

“ನಾನು ಕೇಳ್ದೆ ಅಂತ ಇಲ್ದಿರೋದನ್ನ ತಂದಿಡ್ತೀಯಾ? ನಾಳೆ ಇದ್ರಲ್ಲಿ ಆನೆ ಐತಾ ಅಂತ ಕೇಳ್ತೀನಿ. ಸೊಂಡ್ಲು ಸಣ್ಣದು, ಕಿವಿ ದೊಡ್ಡದು ಅಂತ ಹೇಳ್ತೀಯ.”

ಅವತ್ತು ಚನ್ನವೀರ ಪೀಪಾಯಿ ತೊಳೆಯಲು ಹೋಗಲಿಲ್ಲ. ಅವನಿಗೂ ಸಿಟ್ಟು ಬಂದಿತ್ತು.

“ಸರ, ನಾ ಹೇಳಿದ್ದೆಲ್ಲಾ ತಪ್ಪಂತೀರಿ. ಆತು. ಹಂಗಾದ್ರ ಯಾವುದು ಖರೇ? ನೀವ ಒಂದ ಸಲ ಹೇಳಿಬಿಡ್ರಿ. ಕಲ್ಕೋತೀನಿ.”

“ನಾನ್ ಹೇಳಿದ್ರೆ ನೀನ್ ಅದ್ನೇ ಮೂಸ್ತೀಯ. ನಂಗೆ ನನ್ ಮಾತಿನ ವಾಸನೆ ಬೇಡ ಕಣಯ್ಯ.”

“ಅಲ್ರಿ, ಕಲಿಸಾವ್ರು ಕಲಿಸದಿದ್ರ ಕಲಿಯಾವ ಹ್ಯಾಂಗ ಕಲೀಬೇಕ್ರಿ?”

“ಅದನ್ನೇ ನಾನೂ ನೋಡ್ತಾ ಇದೀನಿ,” ಎಂದು ಇನಾಸಪ್ಪ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡರು.

ಇಂಥವರ ಕೈಯಲ್ಲಿ ವಿದ್ಯೆ ಕಲಿಯುವುದಕ್ಕಿಂತ ಊರಿಗೆ ಹೋಗಿ ಒಣದ್ರಾಕ್ಷಿ ಆರಿಸುವುದೇ ವಾಸಿ ಎಂದು ಚನ್ನವೀರನಿಗೆ ಅನ್ನಿಸಿತು. ಬ್ಯಾಗನ್ನು ಮಂಚದ ಕೆಳಗಿನಿಂದ ಎಳೆದದ್ದೂ ಆಯಿತು. ಆದರೆ ಊರಲ್ಲಿ ಅಪ್ಪ, ಏನು ಕಲಿತೆ ಎಂದು ಕೇಳಿದರೆ ಹೇಳಲು ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಬ್ಯಾಗನ್ನು ಮತ್ತೆ ಒಳಗೆ ನೂಕಿದ.

ಒಂದು ದಿನ ಇನಾಸಪ್ಪ ಅವನನ್ನು ತೋಟಕ್ಕೆ ಕರೆದುಕೊಂಡು ಹೋದರು. ಮಂಜು ಇನ್ನೂ ಬಳ್ಳಿಗಳ ಮೇಲೆಯೇ ಕೂತಿತ್ತು.

“ನಿಮ್ಮ ಸೀಮೇಲಿ ದ್ರಾಕ್ಷಿ ಹೆಂಗೆ ಹಣ್ಣಾಗ್ತದೆ?”

“ಬಿಸಲಿಗೆ ಲಗೂನ ಆಗ್ತಾವ್ರಿ. ಭಾಳ ಸಿಹಿ. ಹುಳಿ ಉಳಿಯಾಂಗಿಲ್ರಿ.”

“ಇಲ್ಲಿದು ಸೋಮಾರಿ. ಚಳಿಗೆ ಮುದುರ್ಕೊಂಡು, ಇವತ್ತಾಗ್ಲಿ ನಾಳೆ ಆಗ್ಲಿ ಅಂತ ನಿಧಾನಕ್ಕೆ ಹಣ್ಣಾಗ್ತದೆ. ಅದ್ಕೇ ಹುಳಿ ಉಳೀತದೆ. ಹುಳಿ ಉಳಿದ್ರೆ ವೈನಿಗೆ ಬೆನ್ನುಮೂಳೆ ಬರ್ತದೆ.”

ಚನ್ನವೀರ ತಲೆಯಾಡಿಸಿದ. ಗುರುಗಳ ಬಾಯಿಂದ ಬಂದ ಮೊದಲ ಪಾಠ ಅದು. ಇನ್ನೂ ಏನಾದರೂ ಹೇಳುತ್ತಾರೇನೋ ಎಂದು ಅವರ ಹಿಂದೆಯೇ ಹತ್ತಿದ.

ಇಳಿಜಾರಿನ ತುತ್ತತುದಿಯಲ್ಲಿ, ಬಂಡೆಗಳ ನಡುವೆ, ಒಂದಿಷ್ಟು ಕುಳ್ಳ ಬಳ್ಳಿಗಳಿದ್ದವು.

“ಇವು ನಾನೇ ನೆಟ್ಟಿದ್ದು,” ಎಂದರು ಇನಾಸಪ್ಪ. “ಇಲ್ಲಿ ಹಾಕಬ್ಯಾಡ, ಈ ಚಳಿಗೆ ಹಣ್ಣಾಗಲ್ಲ ಅಂತ ಎಲ್ರೂ ಬೈದ್ರು. ಈಗ ಕಳೆದ ಸುಗ್ಗೀಲಿ ಮೊದಲ್ನೇ ಫಸಲು ಬಂತು. ಒಂದೇ ಒಂದು ಪೀಪಾಯಿ ಆಯ್ತು.”

ಹಾಗೆ ಹೇಳುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಚನ್ನವೀರ ಅದನ್ನು ಗಮನಿಸಿದ.

ಅಲ್ಲಿಂದ ಇಳಿದು ಬಂದ ಮೇಲೆ ಇನಾಸಪ್ಪ ಅವನನ್ನು ಪೀಪಾಯಿಗಳ ಕೋಣೆಯ ಮೂಲೆಗೆ ಕರೆದೊಯ್ದರು. ಆ ಒಂದು ಪೀಪಾಯಿ ಅಲ್ಲಿ ಒಂಟಿಯಾಗಿ ಮಲಗಿತ್ತು. ಗಾಜಿನ ಕೊಳವೆಯಿಂದ ಕೆಂಪು ವೈನು ತೆಗೆದು ಗ್ಲಾಸಿಗೆ ಬಿಟ್ಟರು.

“ಹೇಳು.”

ಚನ್ನವೀರ ಮೂಗಿಟ್ಟ. ಕೂಡಲೇ ಏನೋ ಒಂದು ಮೂಗಿಗೆ ಬಡಿಯಿತು. ಪರಿಚಯದ ವಾಸನೆ, ಒಳ್ಳೆಯ ವಾಸನೆಯಲ್ಲ. ತಲೆಯನ್ನು ಹಿಂದಕ್ಕೆ ತೆಗೆದ.

ತೆಗೆದು, ಗುರುಗಳ ಮುಖ ನೋಡಿದ. ಪರೀಕ್ಷೆ ಬರೆದ ಹುಡುಗ ಫಲಿತಾಂಶದ ಬೋರ್ಡಿನ ಮುಂದೆ ನಿಂತಂತೆ ಅವರು ನಿಂತಿದ್ದರು.

ಛೆ, ಇರಲಾರದು ಎಂದುಕೊಂಡ ಚನ್ನವೀರ. ಇಷ್ಟು ವರ್ಷ ವೈನು ಮಾಡಿದವರು, ಪ್ರಾಣ ಇಟ್ಟು ಮಾಡಿದ ಪೀಪಾಯಿ. ಕೆಟ್ಟಿರುವುದು ನನ್ನ ಮೂಗೇ. ಮೂರು ಗ್ಲಾಸಿನಲ್ಲಿ ಒಂದೇ ವೈನು ಇದ್ದದ್ದನ್ನು ಹಿಡಿಯಲಾರದ ಮೂಗು ಇದು.

ಅದೂ ಅಲ್ಲದೆ, ಇಂಥ ವಾಸನೆಗೆ ಪುಸ್ತಕದಲ್ಲಿ ಮರ್ಯಾದೆಯ ಹೆಸರುಗಳಿದ್ದವು.

“ಹಳೇ ಚರ್ಮದ ವಾಸನಿ ಐತ್ರಿ. ಹಳೇ ಲೈಬ್ರರಿ. ಕಾಡಿನ ನೆಲ. ಭಾಳ ಗಾಢ ಐತ್ರಿ ಸರ. ದೊಡ್ಡ ವೈನು.”

ಕಾಪಿ ಎಂದು ಇನಾಸಪ್ಪ ಬೈಯಲಿಲ್ಲ, ಪೀಪಾಯಿ ತೊಳೆಯಲೂ ಕಳಿಸಲಿಲ್ಲ.

“ದೊಡ್ಡ ವೈನಾ?” ಎಂದು ಮೆಲ್ಲಗೆ ಕೇಳಿದರು.

“ಹೌದ್ರಿ.”

ಇನಾಸಪ್ಪ ಪೀಪಾಯಿಯ ಬೆನ್ನನ್ನು ಒಮ್ಮೆ ಸವರಿ ಹೊರಗೆ ಹೋದರು. ಅಂತೂ ಪಾಸಾದೆ ಎಂದು ಚನ್ನವೀರ ಹಿಗ್ಗಿದ.

ಆಮೇಲಿನ ತಿಂಗಳುಗಳಲ್ಲಿ ಏನೂ ಬದಲಾಗಲಿಲ್ಲ. ಬಿಳಿಯದಕ್ಕೆ ಬೈಗುಳ, ನಸುಗೆಂಪಿಗೆ ಬೈಗುಳ, ಸಾಲಾಗಿ ಇಟ್ಟಿದ್ದ ಉಳಿದ ಕೆಂಪು ಪೀಪಾಯಿಗಳಿಗೆಲ್ಲ ಬೈಗುಳ. ಮೂಲೆಯ ಪೀಪಾಯಿಯ ಹತ್ತಿರ ಬಂದಾಗ ಮಾತ್ರ ಗುರುಗಳು ತಣ್ಣಗಾಗುತ್ತಿದ್ದರು. ಚನ್ನವೀರನೂ ಅಲ್ಲಿ ಅದೇ ಮಾತುಗಳನ್ನು ಒಪ್ಪಿಸುತ್ತಿದ್ದ. ಹೆಚ್ಚು ಹೊತ್ತು ಮೂಸುತ್ತಿರಲಿಲ್ಲ. ಮೂಸಲು ಅವನಿಗೆ ಇಷ್ಟವಿರಲಿಲ್ಲ.

ಹಾಗೆಯೇ ಕೂಡಿಸುವ ದಿನ ಬಂತು.

ಕೂಡಿಸುವುದೆಂದರೆ, ಆ ವರ್ಷದ ಕೆಂಪು ವೈನಿನ ಪೀಪಾಯಿಗಳನ್ನೆಲ್ಲ ಪೈಪಿನಿಂದ ಎಳೆದು ಒಂದೇ ದೊಡ್ಡ ಸ್ಟೀಲ್ ಟ್ಯಾಂಕಿಗೆ ತುಂಬುವುದು. ತೋಟದ ಹೆಸರು ಹೊತ್ತು ಹೊರಗೆ ಹೋಗುವ ಕೆಂಪು ಅದೊಂದೇ. ಒಮ್ಮೆ ಕೂಡಿಸಿದ ಮೇಲೆ ಅದನ್ನು ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಬೆಳಿಗ್ಗೆ ಚನ್ನವೀರ ಕಾಫಿಗೆ ಹಾಲಿಟ್ಟು ಪೈಪುಗಳನ್ನು ತೊಳೆಯಲು ಹೋದ. ಇನಾಸಪ್ಪ ಒಲೆಯ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದರು.

ವಾಪಸು ಬಂದಾಗ ಅಂಗಳದವರೆಗೂ ಸೀದ ವಾಸನೆ. ಒಳಗೆ ಹೊಗೆ. ಪಾತ್ರೆಯ ತಳ ಕರ್ರಗೆ. ಇನಾಸಪ್ಪ ಒಲೆಗೆ ಬೆನ್ನು ಮಾಡಿ, ಕಿಟಕಿಯಾಚೆ ಬೆಟ್ಟ ನೋಡುತ್ತ ಆರಾಮಾಗಿ ಕೂತಿದ್ದರು.

ಚನ್ನವೀರನಿಗೆ ರೇಗಿತು. ಕೈಯಳತೆಯಲ್ಲಿ ಕೂತು ಒಲೆ ಆರಿಸಲಾಗಲಿಲ್ಲವೇ ಈ ಮನುಷ್ಯನಿಗೆ! ಸೀದ ಹಾಲಿನಲ್ಲೇ ಕಾಫಿ ಮಾಡಿ ಅವರ ಕೈಗಿತ್ತ. ಕುಡಿದು ಬೈಯಲಿ, ನಾನೂ ಎರಡು ಮಾತು ಹೇಳುತ್ತೇನೆ ಎಂದು ಕಾದು ನಿಂತ.

ಇನಾಸಪ್ಪ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು.

“ಚೆನ್ನಾಗೈತೆ. ಸಕ್ಕರೆ ಒಂಚೂರು ಜಾಸ್ತಿ.”

ಚನ್ನವೀರನ ಸಿಟ್ಟು ಅಲ್ಲೇ ನಿಂತುಹೋಯಿತು.

“ಸರ,” ಎಂದ. “ಹಾಲು ಸೀದೈತ್ರಿ.”

ಇನಾಸಪ್ಪ ಲೋಟವನ್ನು ಬೆಂಚಿನ ಮೇಲಿಟ್ಟರು. ತಿರುಗಿ ಒಲೆ ನೋಡಿದರು, ಪಾತ್ರೆ ನೋಡಿದರು.

“ಕಳೆದ ಸುಗ್ಗಿ ಆದ ವಾರಕ್ಕೆ ಜ್ವರ ಬಂತು,” ಎಂದರು ಆಮೇಲೆ. “ಜ್ವರ ಹೋಯ್ತು, ಮೂಗೂ ಹೋಯ್ತು. ಬರಬೌದು, ಬರ್ದೇನೂ ಇರ್ಬೌದು ಅಂದ್ರು ಡಾಕ್ಟ್ರು. ಬಂದಿಲ್ಲ.”

“ಯಾರಿಗೂ ಹೇಳಿಲ್ರಿ?”

“ಮೂಗಿಲ್ದೋನ ಕೈಗೆ ವೈನು ಕೊಡ್ತಾರೇನಯ್ಯಾ? ನಾಲಿಗೆ ಐತೆ. ಹುಳಿ, ಸಿಹಿ, ಒಗರು ಗೊತ್ತಾಗ್ತದೆ. ಉಳಿದದ್ದೆಲ್ಲ ಮೂಗಿಂದು. ಅದ್ಕೇ ನೀನು ಕಲಿಯೋಕೆ ಬರ್ತೀನಿ ಅಂದಾಗ ಹೂಂ ಅಂದಿದ್ದು.”

ಚನ್ನವೀರನಿಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಕಿರುಚಿದ.

“ಹಂಗಾದ್ರ ಇಷ್ಟ ದಿವಸ ನಾ ಹೇಳಿದ್ದೆಲ್ಲಾ ತಪ್ಪು ತಪ್ಪು ಅಂದದ್ದು ಹ್ಯಾಂಗ್ರಿ? ನಿಮಗ ವಾಸನಿನ ಬರದಿಲ್ಲ! ನನ್ನ ಕಡಿಂದ ಪೀಪಾಯಿ ತೊಳಸಿ ತೊಳಸಿ ಕೈ ಒಡಸಿದ್ರಲ್ಲ!”

“ಕಿವಿ ಐತಲ್ಲಯ್ಯಾ ನಂಗೆ. ಬಾಯಿಪಾಠ ಮಾಡಿದ್ದನ್ನ ಹೇಳೋನು ಒಂದೇ ಉಸಿರಲ್ಲಿ ಹೇಳ್ತಾನೆ. ಮೂಗಿಂದ ಹೇಳೋನು ತಡವರಿಸ್ತಾನೆ, ಮಾತು ಹುಡುಕ್ತಾನೆ. ನೀನು ಒಂದು ದಿನಾನಾದ್ರೂ ತಡವರಿಸಿದೀಯಾ?”

ಚನ್ನವೀರ ತನ್ನ ಒಡೆದ ಕೈಗಳನ್ನು ನೋಡಿಕೊಂಡ.

“ನಂಗೆ ನಿನ್ ಮೂಗು ಬೇಕಿತ್ತು. ನೀನು ಬರೀ ಬಾಯಿ ತಂದಿದ್ದೆ. ಬೈದೆ. ಇನ್ನೇನ್ ಮಾಡ್ಲಿ?” ಇನಾಸಪ್ಪ ಎದ್ದರು. “ಹೋಗ್ಲಿ ಬಿಡು. ಸಾಲಿನ ಪೀಪಾಯಿಗಳಿಗೆ ನಾಲಿಗೇನೇ ಸಾಕು, ಅವು ವರ್ಷಾ ವರ್ಷಾ ಮಾಡಿದ್ದೇ. ನಂಗೆ ಚಿಂತೆ ಇದ್ದದ್ದು ಮೂಲೇದು. ಅದೊಂದು ಚೆನ್ನಾಗೈತೆ ಅಂತ ನೀನು ಹೇಳ್ದೆ. ಪೈಪ್ ಹಾಕು. ಮೊದಲು ಅದೇ ಹೋಗ್ಲಿ ಟ್ಯಾಂಕಿಗೆ.”

ಚನ್ನವೀರ ಅವರ ಹಿಂದೆ ಪೀಪಾಯಿಗಳ ಕೋಣೆಗೆ ಹೋಗಿ ಪೈಪು ಎತ್ತಿಕೊಂಡ.

ಕೈಯಲ್ಲಿ ಪೈಪು ಹಿಡಿದೇ ನಿಂತ. ಮೂಲೆಯ ಪೀಪಾಯಿಯಲ್ಲಿ ಇರುವುದು ಏನೆಂದು ಅವನ ಮೂಗಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಚರ್ಮ, ಲೈಬ್ರರಿ, ಕಾಡು ಎಂದು ಅಲಂಕಾರ ಮಾಡಿ ಒಪ್ಪಿಸಿದ್ದ. ಅದು ಟ್ಯಾಂಕಿಗೆ ಹೋದರೆ ಇಡೀ ವರ್ಷದ ಕೆಂಪು ಹಾಳು. ಅದು ಕೆಟ್ಟಿದೆ ಎಂದರೆ ಮುದುಕರ ಪ್ರಾಣದಂಥ ಪೀಪಾಯಿ ಹೋಯಿತು, ಜೊತೆಗೆ ತನ್ನ ಸುಳ್ಳೂ ಬಯಲು. ಸುಳ್ಳು ಹೇಳಿದ ಶಿಷ್ಯನನ್ನು ಈ ಮನುಷ್ಯ ಒಂದು ಗಂಟೆ ಇಟ್ಟುಕೊಳ್ಳುವವರಲ್ಲ.

“ಸರ, ಒಂದ್ ಸಲ ಮತ್ತ ನೋಡ್ತೀನ್ರಿ.”

“ಈಗೇನ್ ನೋಡೋದು? ಹೊತ್ತಾಯ್ತು.”

“ಒಂದ ಸಲ ರಿ.”

ಕೊಳವೆ ಇಳಿಸಿ ಗ್ಲಾಸಿಗೆ ಬಿಟ್ಟುಕೊಂಡ. ಮೂಗಿನ ಹತ್ತಿರ ತರುವ ಮುಂಚೆ, ನನ್ನ ಮೂಗೇ ಸುಳ್ಳಾಗಿರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಮೂಗು ಸುಳ್ಳಾಗಿರಲಿಲ್ಲ. ವಾಸನೆ ಮೊದಲಿಗಿಂತ ಬಲವಾಗಿತ್ತು.

“ಏನು?” ಎಂದರು ಇನಾಸಪ್ಪ.

“ನಮ್ಮ... ನಮ್ಮನ್ಯಾಗ ಒಂದ ಎತ್ತ ಇತ್ರಿ.”

“ಎತ್ತು?”

“ಹೌದ್ರಿ. ನೊಗ ತಿಕ್ಕಿ... ಹೆಗಲಿಗೆ ಗಾಯ ಆಗಿತ್ರಿ ಅದಕ್ಕ. ನಮ್ಮವ್ವ ಔಷಧ ಹಚ್ಚಿ ಒಂದ ಅರಿವಿ ಕಟ್ಟತಿದ್ಳು. ಮಳಿ ಬಂದ್ರ ಅದು ತೊಯ್ಯೂದು. ಎತ್ತಿನ ಬೆವರು, ಆ ಔಷಧ, ಎಲ್ಲಾ ಕೂಡಿ... ಎರಡ ದಿವಸ ಬಿಟ್ಟ ಅರಿವಿ ಬಿಚ್ಚಿದ್ರ...”

ಅವನಿಗೆ ಮುಂದಕ್ಕೆ ಮಾತು ಸಿಗಲಿಲ್ಲ. ಹುಡುಕಿದ.

“ಅದ ವಾಸನಿರಿ ಸರ. ಅದ ಅರಿವಿ. ಇದರಾಗ ಅದೈತಿ.”

ಇನಾಸಪ್ಪ ಕದಲಲಿಲ್ಲ. ಅವರ ಕಿವಿಗೆ ಅನುಮಾನವೇ ಉಳಿಯದ ಹಾಗೆ ಅವನು ತಡವರಿಸಿದ್ದ.

“ಮರದೊಳ್ಗೆ ವೈನಿನ ವಾಸನೆ ಕೆಡಿಸೋ ಜೀವ ಸೇರ್ಕೊಂಡದೆ,” ಎಂದರು ಕೊನೆಗೆ, ತಮಗೇ ಹೇಳಿಕೊಂಡಂತೆ. “ಪೀಪಾಯಿನೇ ಹೋಯ್ತು.”

ಚನ್ನವೀರ ತಲೆ ತಗ್ಗಿಸಿದ.

“ಅದ್ರ ಕೆಳಗೆ? ಅದನ್ನ ಬಿಟ್ಟು ಇನ್ನೇನಾದ್ರೂ ಐತಾ?”

ಚನ್ನವೀರ ಮತ್ತೆ ಮೂಗಿಟ್ಟ. ಆ ಬಟ್ಟೆಯ ವಾಸನೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಲು ಬಹಳ ಹೊತ್ತು ಬೇಕಾಯಿತು.

“ಕರಿಮೆಣಸು ಐತ್ರಿ. ಒಣಗಿದ್ದಲ್ಲ, ಇಲ್ಲಿ ಬೇಲ್ಯಾಗಿನ ಬಳ್ಳಿ ಮ್ಯಾಲಿಂದ ಈಗ ಕಿತ್ತದ್ದು. ನೇರಳಿ... ಅರ್ಧ ಹಣ್ಣು. ನಾಲಿಗಿ ಹಿಡೀತೈತಲ್ರಿ, ಆ ಥರ. ಆಮ್ಯಾಲ ಬಂಡೆಗಲ್ಲ ಮ್ಯಾಗ ಬಿದ್ದ ಮೊದಲನೇ ಮಳಿ...” ಅವನು ಗ್ಲಾಸು ಕೆಳಗಿಳಿಸಿದ. “ಚೊಲೊ ಇತ್ರಿ ಸರ. ಭಾಳ ಚೊಲೊ ವೈನ್ ಇತ್ರಿ ಇದು.”

ಇನಾಸಪ್ಪ ಕಣ್ಣು ಮುಚ್ಚಿ ಕೇಳಿದರು.

“ಹಿಂಡಿದ ದಿನ ರಸ ಮೂಸಿದ್ದೆ,” ಎಂದರು. “ವೈನಾದ ಮೇಲೆ ಹೆಂಗಾಯ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇವತ್ತು ಗೊತ್ತಾಯ್ತು.”

ಕಣ್ಣು ತೆರೆದು ಚನ್ನವೀರನ ಕಡೆ ತಿರುಗಿದರು.

“ಆ ಎತ್ತಿನ ವಾಸನೆ ಯಾವತ್ತಿಂದ ಐತೆ?”

ಈ ಪ್ರಶ್ನೆ ಬಂದೇ ಬರುತ್ತದೆಂದು ಚನ್ನವೀರನಿಗೆ ಗೊತ್ತಿತ್ತು.

“ಮೊದಲನೇ ದಿವಸಾನೂ ಇತ್ರಿ. ಸ್ವಲ್ಪ ಇತ್ರಿ.”

“ಏನು?”

“ಇತ್ರಿ ಸರ.”

“ಅವತ್ತೇ ಹೇಳಿದ್ರೆ ಮದ್ದು ಹಾಕಿ ಉಳಿಸ್ಕೊಬೌದಿತ್ತು! ಗೊತ್ತಾ ನಿಂಗೆ? ಉಳೀತಿತ್ತು ಕಣಯ್ಯಾ ಇದು!”

“ಈಗ ಗೊತ್ತಾತ್ರಿ.”

“ಬಿಳೀದಕ್ಕೆ ಸುಳ್ಳು, ಕೆಂಪಿಗೆ ಸುಳ್ಳು, ಹಾಳಾಗ್ಲಿ. ಇದಕ್ಯಾಕೆ ಸುಳ್ಳು ಹೇಳ್ದೆ?”

“ನೀವು ಮಾಡಿದ್ರಿ ಅಂತ ರಿ. ನೀವು ಮಾಡಿದ್ದು ಕೆಡಾಂಗಿಲ್ಲ, ನನ್ನ ಮೂಗ ಕೆಟ್ಟೈತಿ ಅನ್ಕೊಂಡ್ನಿ. ಮತ್ತ... ನಿಮ್ಮ ಮುಖ ನೋಡಿದ್ನಿ.”

ಇನಾಸಪ್ಪ ಟೋಪಿಯನ್ನು ಕಿತ್ತು ನೆಲಕ್ಕೆ ಬಡಿದರು. ಏನೋ ದೊಡ್ಡ ಬೈಗುಳ ಬಾಯಿಯವರೆಗೂ ಬಂದಿತ್ತು. ಅದು ಹೊರಗೆ ಬರಲಿಲ್ಲ. ಅಲ್ಲೇ ನೆಲದ ಮೇಲೆ ಕುಕ್ಕರಿಸಿಬಿಟ್ಟರು.

“ಬಿಳೀದಕ್ಕೆ ಹೇಳ್ದಾಗ್ಲೂ ಒಂದೇ ಉಸಿರು, ಇದಕ್ಕೆ ಹೇಳ್ದಾಗ್ಲೂ ಒಂದೇ ಉಸಿರು,” ಎಂದರು. “ಅಲ್ಲಿ ಸುಳ್ಳು ಕೇಳಿಸ್ತು. ಇಲ್ಲಿ ಕೇಳಿಸ್ಲಿಲ್ಲ. ಯಾಕಂದ್ರೆ ನಂಗೆ ಅದು ಬೇಕಾಗಿತ್ತು. ಹೇಳಿದ್ದು ನೀನು. ನಂಬ್ಕೊಂಡು ಕೂತಿದ್ದು ನಾನು.”

ಚನ್ನವೀರ ಗ್ಲಾಸನ್ನು ಮೇಜಿನ ಮೇಲಿಟ್ಟ.

ಇನಾಸಪ್ಪ ಎದ್ದರು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಬಗ್ಗಿ, ಮೂಲೆಯ ಪೀಪಾಯಿಯ ಕೆಳಗಿನ ನಲ್ಲಿಯನ್ನು ತಾವೇ ತಿರುಗಿಸಿದರು.

ವೈನು ದಪ್ಪನೆಯ ಧಾರೆಯಾಗಿ ಕಲ್ಲಿನ ನೆಲಕ್ಕೆ ಬಿತ್ತು. ನೆಲದ ಮೇಲೆ ಹರಡಿ, ಇಳಿಜಾರು ಹುಡುಕಿಕೊಂಡು, ಮೋರಿಯ ಕಡೆಗೆ ಹರಿಯಿತು. ಆ ವಾಸನೆ ಕೋಣೆಯನ್ನೆಲ್ಲ ತುಂಬಿಕೊಂಡಿತು. ಮೊದಲು ಎತ್ತಿನ ಗಾಯದ ಬಟ್ಟೆ. ಅದರ ಹಿಂದೆಯೇ, ತಡೆಯಲಾಗದಂತೆ, ಹಸಿ ಮೆಣಸು, ನೇರಳೆ, ಮಳೆ.

ಚನ್ನವೀರನ ಕಣ್ಣಿಂದ ನೀರು ಬಂತು. ಒರೆಸಿಕೊಳ್ಳಲಿಲ್ಲ.

“ನಾ ಊರಿಗೆ ಹೋಗ್ತೀನ್ರಿ,” ಎಂದ. “ನೀವು ಕಳಸೂಕಿಂತ ಮೊದಲ ನಾನ ಹೋಗ್ತೀನಿ. ಇಲ್ಲಿ ನಿಂದರಾಕ ಆಗವಲ್ದು.”

ಬಾಗಿಲ ಕಡೆಗೆ ನಡೆದ.

“ಎಲ್ಲಿಗೆ?”

ಗುರುಗಳ ದನಿಯಲ್ಲಿ ಮತ್ತೆ ಸಿಟ್ಟು ಬಂದಿತ್ತು. ಚನ್ನವೀರ ನಿಂತ. ಇನಾಸಪ್ಪ ಅವನ ಕಡೆ ತಿರುಗಿಯೂ ನೋಡದೆ, ಹರಿಯುವ ವೈನನ್ನೇ ನೋಡುತ್ತ ಹೇಳಿದರು:

“ಬಾ ಇಲ್ಲಿ, ಪಕ್ಕದಲ್ಲಿ ನಿಲ್ಲು. ನಂಗೆ ವಾಸನೆ ಬರೋದಿಲ್ಲ. ಇದು ಪೂರ್ತಿ ಹೋಗೋವರ್ಗೂ ನನ್ ಪಾಲಿಂದೂ ನೀನೇ ಮೂಸ್ಬೇಕು.”